ಊರಿಗಿಂತ ಮೊದಲು ನಮ್ಮ ದೊಡ್ಡಮ್ಮನಿಗೆ

ನಮ್ಮ ದೊಡ್ಡಮ್ಮನ ಊರಿಗೆ ನಾಗರಿಕತೆ ಬಂದದ್ದು ಅವಳ ವೈರ್ ಬುಟ್ಟಿಯಲ್ಲಿ. ನಗಬೇಡಿ, ನಿಜವನ್ನೇ ಹೇಳುತ್ತಿದ್ದೇನೆ! ಬೇರೆ ಊರುಗಳಿಗೆ ಅದು ರಸ್ತೆಯ ಮೇಲೆ ಬಂತೋ, ಕರೆಂಟು ಕಂಬ ಹತ್ತಿ ಬಂತೋ ನನಗೆ ತಿಳಿಯದು. ಅನುಗೊಂಡನಹಳ್ಳಿ ಹತ್ತಿರದ ಆ ಊರಿಗೆ ಮಾತ್ರ, ಹೊಸಕೋಟೆ ಸಂತೆ ಮುಗಿಸಿ ಬರುವ ಸಂಜೆ ಬಸ್ಸಿನಲ್ಲಿ, ವೀಳ್ಯದೆಲೆ ಕಟ್ಟಿನ ಕೆಳಗೆ, ಹಳೇ ಸೀರೆಯ ತುಂಡಿನಲ್ಲಿ ಸುತ್ತಿಸಿಕೊಂಡು ಬಂತು. ಬಸ್ಸಿಳಿದ ದೊಡ್ಡಮ್ಮನ ಬುಟ್ಟಿ ಸ್ವಲ್ಪ ಉಬ್ಬಿದ್ದರೆ ಸಾಕು, ಬೀದಿಯ ಹೆಂಗಸರು ಒಲೆ ಮೇಲಿನ ಹಾಲನ್ನೂ ಮರೆತು ಹಿಂದೆ ಬರುತ್ತಿದ್ದರು.

ದೊಡ್ಡಮ್ಮ ನಮ್ಮಮ್ಮನ ಅಕ್ಕ. ರಾಗಿ ಹೊಲ, ಬಾವಿಯ ಕೆಳಗೆ ತರಕಾರಿ ತೋಟ, ಕೊಟ್ಟಿಗೆಯಲ್ಲಿ ದನಗಳು, ಜಗಲಿಯ ಮೇಲೆ ದೊಡ್ಡಪ್ಪ. ಇದಿಷ್ಟು ಅವಳ ಸಂಸಾರ. ಮಗಳೊಬ್ಬಳು ಮದುವೆಯಾಗಿ ಮಾಲೂರಿನ ಕಡೆ ಹೋಗಿದ್ದಳು. ನಮ್ಮದು ಸಾಸಲು ಕಡೆಯ ಹಳ್ಳಿ. ಅಲ್ಲಿ ಹತ್ತಿರದಲ್ಲಿ ಹೈಸ್ಕೂಲು ಇಲ್ಲವೆಂದು ನನ್ನನ್ನು ದೊಡ್ಡಮ್ಮನ ಮನೆಯಲ್ಲಿ ಬಿಟ್ಟರು. ಹೊಸಕೋಟೆಗೆ ಬಸ್ಸಿನಲ್ಲಿ ಹೋಗಿ ಬಂದು ಓದಬೇಕೆಂದು ಲೆಕ್ಕ. ಓದಿದ್ದೇನೋ ಹೌದು, ಆದರೆ ಆ ಮನೆಯಲ್ಲಿ ನೋಡಿದ್ದರ ಮುಂದೆ ಹೈಸ್ಕೂಲು ಏನು ಮಹಾ!

ಅವಳದೊಂದು ಸಿದ್ಧಾಂತವಿತ್ತು. “ಇನ್ನೊಬ್ರ ಮನೇಲಿ ನೋಡಿ ತಂದ್ರೆ ಅದು ಆಸೆ ಕಣೇ. ಯಾರ ಮನೇಲೂ ಇಲ್ದಾಗ ತಂದ್ರೆ ಅದು ತಿಳುವಳಿಕೆ.”

ಈ ತಿಳುವಳಿಕೆಯ ಮೊದಲ ಫಲ ಒಂದು ಜೊತೆ ಹವಾಯಿ ಚಪ್ಪಲಿ. ಈಗಿನವರಿಗೆ ಇದರಲ್ಲಿ ಏನು ವಿಶೇಷ ಎನಿಸಬಹುದು. ಆಗ ಆ ಊರಿನಲ್ಲಿ ಹೆಂಗಸರು ಚಪ್ಪಲಿ ಮೆಟ್ಟಿ ಬೀದಿಯಲ್ಲಿ ನಡೆಯುತ್ತಿರಲಿಲ್ಲ. ಪೇಟೆಗೆ ಹೋಗಿಬರುವ ಒಬ್ಬಿಬ್ಬರ ಬಳಿ ಇದ್ದರೂ ಊರ ಬಾಗಿಲು ಬರುತ್ತಿದ್ದಂತೆ ಕಳಚಿ ಚೀಲಕ್ಕೆ ತುರುಕುತ್ತಿದ್ದರು. ಚಾವಡಿಯ ಕಟ್ಟೆಯ ಮೇಲೆ ಹಿರಿಯರು ಕೂತಿರುತ್ತಿದ್ದರಲ್ಲ! ನಮ್ಮ ದೊಡ್ಡಮ್ಮ ನೀಲಿ ಪಟ್ಟಿಯ ಹೊಸ ಚಪ್ಪಲಿಯನ್ನು ಪಟಪಟ ಬಡಿಯುತ್ತಾ ಆ ಕಟ್ಟೆಯ ಮುಂದೆಯೇ ಹಾದುಬಂದಳು. ಹಿರಿಯರ ತಲೆಗಳೆಲ್ಲ ಆ ಸದ್ದಿನ ಕಡೆ ತಿರುಗಿದವು. ಅವರಲ್ಲೇ ದೊಡ್ಡ ಮೀಸೆಯವರೊಬ್ಬರು ಕೆಮ್ಮಿದರು.

“ಏನವ್ವಾ, ದೊಡ್ಡೋರು ಕೂತಿದ್ದೀವಿ. ಚಪ್ಪಲಿ ಕಾಲಲ್ಲೇ ಐತಲ್ಲ?”

“ಹೂಂ ಮಾವ. ಕೈಯಲ್ಲಿ ಹಿಡ್ಕೊಂಡು ಬಂದ್ರೆ ನೀವೆಲ್ಲಿ ಹೆದ್ರಿಕೊಳ್ತೀರೋ ಅಂತ ಕಾಲಿಗೇ ಹಾಕ್ಕೊಂಡೆ.”

ಕಟ್ಟೆಯ ಮೇಲೆ ಮೊದಲು ನಕ್ಕವರು ಯಾರೋ ಗೊತ್ತಾಗಲಿಲ್ಲ. ಕೊನೆಗೆ ನಕ್ಕವರು ಮೀಸೆಯವರು. ಮುಂದಿನ ಸಂತೆಯ ದಿನ ಅವರೇ ನಮ್ಮ ಬಾಗಿಲಿಗೆ ಬಂದು, ಆ ಕಡೆ ಈ ಕಡೆ ನೋಡಿ, ಒಂದು ದಾರದ ತುಂಡನ್ನು ದೊಡ್ಡಮ್ಮನ ಕೈಗಿಟ್ಟರು. “ನಮ್ಮ ಸೊಸೆ ಕಾಲಿನ ಅಳತೆ ಕಣವ್ವಾ. ಮುಳ್ಳು ತುಳ್ದು ತುಳ್ದು ಸಾಯ್ತಾ ಅವ್ಳೆ. ನಾನು ಹೇಳ್ದೆ ಅಂತ ಮಾತ್ರ ಯಾರಿಗೂ ಹೇಳ್ಬೇಡ.” ಅವಳು ಹೇಳಲಿಲ್ಲ. ಹೇಳುವ ಅಗತ್ಯವಾದರೂ ಏನಿತ್ತು? ಸೊಸೆಯ ಕಾಲೇ ಊರಿಗೆಲ್ಲ ಪಟಪಟ ಎಂದು ಹೇಳುತ್ತಿತ್ತು!

ಎರಡನೆಯದು ಪ್ರೆಶರ್ ಕುಕ್ಕರು. ಅವರೆಕಾಯಿಯ ಕಾಲ. ಜಗಲಿಯ ಮೇಲೆ ದೊಡ್ಡಪ್ಪ ಕ್ಷೌರಕ್ಕೆ ಕೂತಿದ್ದರು. ಒಂದು ಕೆನ್ನೆ ಮುಗಿದಿತ್ತು, ಇನ್ನೊಂದಕ್ಕೆ ಸೋಪು ಹಚ್ಚಿಯಾಗಿತ್ತು. ಒಳಗೆ ದೊಡ್ಡಮ್ಮ ಪಂಪ್ ಸ್ಟೌ ಹಚ್ಚಿ, ಕುಕ್ಕರಿನಲ್ಲಿ ಅವರೆಕಾಳು ಹಾಕಿ, ಮುಚ್ಚಳದ ಮೇಲೆ ಸೀಟಿಯ ಗುಂಡು ಇಟ್ಟು, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಯುತ್ತಿದ್ದಳು. ಕುಕ್ಕರು ಕೂಗಿತು. ಅದೇನು ಕೂಗು! ಕೊಟ್ಟಿಗೆಯ ಹೋರಿ ಹಗ್ಗ ಕಿತ್ತುಕೊಂಡಿತು. ಕ್ಷೌರದವನು ಕತ್ತಿ ಪೆಟ್ಟಿಗೆ ಎಲ್ಲ ಬಿಟ್ಟು ಬೀದಿಯ ತುದಿಯಲ್ಲಿ ಹೋಗಿ ನಿಂತ.

“ಒಳಗೇನೇ ಅದು?” ಎಂದು ದೊಡ್ಡಪ್ಪ ಅರ್ಧ ಸೋಪಿನ ಮುಖದಲ್ಲಿ ಕೂಗಿದರು.

“ಕಾಳು ಬೇಯ್ತಾ ಐತೆ!”

“ಕಾಳು ಬೇಯ್ತಾ ಐತೋ, ರೈಲು ಬಂತೋ?”

“ರೈಲಾದ್ರೆ ಹೊತ್ತಾಗ್ತಿತ್ತು. ಇದು ಬೇಗ ಬತ್ತದೆ, ಎಲೆ ಹಾಕ್ಲಾ?”

ಆ ಯಂತ್ರ ತಣ್ಣಗಾಗುವ ತನಕ ಬರುವುದಿಲ್ಲವೆಂದು ಕ್ಷೌರದವನು ಹಠ ಹಿಡಿದ. ದೊಡ್ಡಪ್ಪ ಒಂದು ಕೆನ್ನೆಯಲ್ಲಿ ಗಡ್ಡ ಇಟ್ಟುಕೊಂಡೇ ಉಂಡರು. ಎರಡನೇ ಮುದ್ದೆ ಹಾಕಿಸಿಕೊಳ್ಳುವಾಗ, “ಕೂಗೋದು ಕೂಗ್ತದೆ, ಕಾಳೇನೋ ಬೆಣ್ಣೆ ಆಗೈತೆ” ಎಂದು ಒಪ್ಪಿಕೊಂಡರು. ಅವರ ಒಪ್ಪಿಗೆ ಯಾವಾಗಲೂ ಹೀಗೇ, ಹೊಟ್ಟೆಯ ಮೂಲಕ ಬರುತ್ತಿತ್ತು.

ಮೂರನೆಯದಾಗಿ ಟ್ರಾನ್ಸಿಸ್ಟರು ಬಂತು. ಪೇಟೆಯವರೆಲ್ಲ ರೇಡಿಯೋವನ್ನು ನಡುಮನೆಯಲ್ಲಿಟ್ಟು ಕಸೂತಿ ಬಟ್ಟೆ ಹೊದಿಸಿದರೆ ದೊಡ್ಡಮ್ಮ ಅದನ್ನು ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿದಳು. ಹಾಡು ಕೇಳಿದರೆ ಹಸು ಹಾಲು ಹೆಚ್ಚು ಬಿಡುತ್ತದೆ ಎಂಬುದು ಅವಳು ತಾನೇ ಕಂಡುಹಿಡಿದ ಶಾಸ್ತ್ರ. ಭಕ್ತಿಗೀತೆ ಬಂದಾಗ ನಮ್ಮ ಕಂದು ಹಸು ಕಣ್ಣು ಅರೆಮುಚ್ಚಿ ನಿಲ್ಲುತ್ತಿದ್ದುದನ್ನು ನಾನೇ ಕಂಡಿದ್ದೇನೆ. ತೊಂದರೆಯೆಲ್ಲ ವಾರ್ತೆಯಿಂದ. ವಾರ್ತೆ ಓದುವವರ ಗಂಟಲು ಕೇಳಿದ ಕೂಡಲೇ ಹಸು ಕಾಲು ಝಾಡಿಸುತ್ತಿತ್ತು. ಒಂದು ಬೆಳಿಗ್ಗೆ ಹಾಲು ಒಯ್ಯಲು ಬಂದವನು ಪಾತ್ರೆಯೊಳಗೆ ಇಣುಕಿ, “ಏನಕ್ಕಾ, ಇವತ್ತು ಇಷ್ಟೇನಾ?” ಎಂದು ಕೇಳಿದ.

ದೊಡ್ಡಮ್ಮ ನಿಟ್ಟುಸಿರುಬಿಟ್ಟು ಹೇಳಿದಳು: “ಏನ್ ಮಾಡ್ಲಪ್ಪಾ, ದಿಲ್ಲೀಲಿ ಏನೋ ಗಲಾಟೆಯಂತೆ.”

ಇಷ್ಟೆಲ್ಲ ಆಗುವಾಗ ದೊಡ್ಡಪ್ಪನಿಗೆ ಒಳಗೊಳಗೇ ಒಂದು ಅಳುಕು. ಒಂದು ದಿನ ಬಾಯಿಬಿಟ್ಟು ಕೇಳಿಯೇಬಿಟ್ಟರು. “ಮನೇಲಿರೋ ಹಳೇದನ್ನೆಲ್ಲ ಬದಲಾಯಿಸ್ತಾ ಬರ್ತಿದ್ದೀಯ. ನನ್ನೊಬ್ಬನ್ನ ಯಾಕೆ ಬಿಟ್ಟಿದ್ದೀಯೇ?”

“ಹೊಸ ಮಾಡಲ್ಲು ಸಂತೆಗೆ ಬರ್ಲಿ, ನೋಡಾನ” ಎಂದು ಹೇಳಿ ಅವಳು ಅವರ ತಟ್ಟೆಗೆ ಇನ್ನೊಂದು ಮಿಳ್ಳೆ ತುಪ್ಪ ಹಾಕಿದಳು.

ಇಂಥವಳ ಜೊತೆ ಒಂದು ಬೆಳಿಗ್ಗೆ ನಾನು ಬಸ್ಸಿಗೆ ಕಾಯುತ್ತಿದ್ದೆ. ನನಗೆ ಹೈಸ್ಕೂಲು, ಅವಳಿಗೆ ಹೊಸಕೋಟೆಯಲ್ಲಿ ಏನೋ ಕೆಲಸ. ಅವಳು ಬುಟ್ಟಿ ಸರಿಮಾಡಿಕೊಳ್ಳಲು ಬಗ್ಗಿದ್ದಳು. “ಬಸ್ಸು ಬಂತಾ ನೋಡೇ” ಎಂದಳು. ದೂರದಲ್ಲಿ ದೊಡ್ಡದೊಂದು ಬರುತ್ತಿತ್ತು. “ಬಂತು ದೊಡ್ಡಮ್ಮ” ಎಂದು ನಾನು ರಸ್ತೆಗಿಳಿದು ಕೈ ಅಡ್ಡ ಹಿಡಿದೆ. ಅದೂ ನಿಂತಿತು. ಹತ್ತಲು ಹೋದರೆ ಮೆಟ್ಟಿಲೇ ಇಲ್ಲ! ತಲೆ ಎತ್ತಿ ನೋಡಿದೆ. ಹುಲ್ಲು ತುಂಬಿದ ಲಾರಿ.

“ಎಲ್ಲಿಗಮ್ಮಾ?” ಎಂದು ಡ್ರೈವರು ಅಚ್ಚರಿಯಿಂದ ಕೇಳಿದ.

ಬೇರೆ ಯಾರಾದರೂ ನಾಚಿ ಹಿಂದೆ ಸರಿಯುತ್ತಿದ್ದರು. ದೊಡ್ಡಮ್ಮ, “ಹೊಸಕೋಟೆಗೇ ಕಣಪ್ಪಾ, ನಿಲ್ಸಿದ್ದೀಯಲ್ಲ, ಕರ್ಕೊಂಡೋಗು” ಎಂದು ನನ್ನನ್ನು ಡ್ರೈವರನ ಪಕ್ಕಕ್ಕೆ ನೂಕಿ ತಾನೂ ಹತ್ತಿದಳು. ದಾರಿಯುದ್ದಕ್ಕೂ ಅವಳು ನಗಲಿಲ್ಲ, ಬೈಯಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಹೊರಗೆ ಬೆರಳು ತೋರಿಸಿ ಮೆಲ್ಲಗೆ ಕೇಳಿದಳು.

“ಅಗೋ, ಆ ಆಲದ ಮರದ ಮೇಲೆ ಏನು ಕೂತೈತೆ ಹೇಳು?”

“ಯಾವ ಮರ?” ಎಂದೆ.

ಹೊಸಕೋಟೆಯಲ್ಲಿ ಅವಳು ನನ್ನನ್ನು ಸ್ಕೂಲಿಗೆ ಬಿಡಲಿಲ್ಲ. ಕೈ ಹಿಡಿದು ಬೆಂಗಳೂರಿನ ಬಸ್ಸು ಹತ್ತಿಸಿದಳು. ಅಲ್ಲಿ ಕಣ್ಣಾಸ್ಪತ್ರೆಯ ಡಾಕ್ಟರು ಗೋಡೆಯ ಮೇಲಿನ ಅಕ್ಷರ ಓದು ಎಂದರು. ನನಗೆ ಗೋಡೆ ಕಂಡಿತು, ಅಕ್ಷರ ಕಾಣಲಿಲ್ಲ. ಇಷ್ಟು ದಿನ ಪಕ್ಕದ ಹುಡುಗಿಯ ಪುಸ್ತಕ ನೋಡಿಕೊಂಡು ಬರೆಯುತ್ತಿದ್ದ ನಾನು, ಎಲ್ಲರಿಗೂ ಕರಿಹಲಗೆ ಹೀಗೇ ಮಂಜಾಗಿ ಕಾಣುತ್ತದೆ ಎಂದುಕೊಂಡಿದ್ದೆ. ಕನ್ನಡಕ ಸಿದ್ಧವಾಗಿ ಅದನ್ನು ಹಾಕಿಕೊಂಡು ಊರಿಗೆ ಬರುವಾಗ ಬಸ್ಸಿನ ಕಿಟಕಿಯಲ್ಲಿ ಒಂದು ಮಹಾ ಸಂಗತಿ ಗೊತ್ತಾಯಿತು. ಕರೆಂಟು ಕಂಬಗಳ ನಡುವೆ ತಂತಿ ಇರುತ್ತದೆ! ಅಲ್ಲಿಯವರೆಗೆ ಬರೀ ಕಂಬ ನೆಟ್ಟರೆ ದೀಪ ಉರಿಯುತ್ತದೆ ಎಂದು ನಂಬಿದ್ದೆ. “ದೊಡ್ಡಮ್ಮಾ, ತಂತಿ!” ಎಂದು ಕಿರುಚಿದೆ. ಬಸ್ಸಿನವರೆಲ್ಲ ತಂತಿ ಕಡಿದು ಬಿತ್ತೆಂದು ತಲೆ ಬಗ್ಗಿಸಿ ಕೂತರು.

ಸುದ್ದಿ ತಿಳಿದು ಅಮ್ಮ ಸಾಸಲಿನ ಕಡೆಯಿಂದ ಓಡಿಬಂದಳು. ನನ್ನ ಮುಖ ನೋಡಿದವಳೇ ಸೆರಗು ಬಾಯಿಗಿಟ್ಟುಕೊಂಡಳು.

“ಅಕ್ಕಾ, ಹೆಣ್ಣುಮಗಿಗೆ ಕನ್ನಡಕ ಹಾಕ್ಸಿಬಿಟ್ಯಲ್ಲಾ! ನಾಳೆ ಇವಳನ್ನ ಯಾರು ಮದುವೆ ಆಗ್ತಾರೆ?”

“ಕನ್ನಡಕ ಇಲ್ದೇನೆ ಮಂಟಪದಲ್ಲಿ ನಿಲ್ಸಿ, ಇವಳು ಹೋಗಿ ಲಾರಿಗೆ ಮಾಲೆ ಹಾಕಿಬಿಟ್ರೆ?” ಎಂದಳು ದೊಡ್ಡಮ್ಮ.

ಅಮ್ಮನಿಗೆ ಅಳುವಿನ ಮಧ್ಯೆ ನಗು ಬಂದುಬಿಟ್ಟಿತು. ಆದರೆ ಬೀದಿಯ ಬಾಯಿಗೆ ಹಾಗೆ ಬೀಗ ಹಾಕುವುದು ಸುಲಭವಾಗಿರಲಿಲ್ಲ. “ಸೋಡಾಬುಡ್ಡಿ ಬಂದ್ಳು” ಎಂದು ಹುಡುಗರು ಕೂಗುತ್ತಿದ್ದರು. “ಇಷ್ಟು ಚಿಕ್ಕ ವಯಸ್ಸಿಗೇ ಕುರುಡಾ, ಪಾಪ” ಎಂದು ದೊಡ್ಡವರು ನನಗೆ ಕೇಳುವ ಹಾಗೆಯೇ ಪಿಸುಗುಟ್ಟುತ್ತಿದ್ದರು. ಹುಡುಗರ ಕೂಗಿಗಿಂತ ಆ ‘ಪಾಪ’ವೇ ಹೆಚ್ಚು ಚುಚ್ಚುತ್ತಿತ್ತು. ಬಸ್ಸಿಳಿದ ಕೂಡಲೇ ಕನ್ನಡಕ ತೆಗೆದು ಚೀಲಕ್ಕೆ ಹಾಕಿ, ತಡವರಿಸಿಕೊಂಡು ಮನೆ ಸೇರಲು ಶುರುಮಾಡಿದೆ. ಒಂದೆರಡು ಸಲ ಚರಂಡಿಗೂ ಕಾಲಿಟ್ಟೆ. ದೊಡ್ಡಮ್ಮ ನನ್ನ ಕೆಸರುಗಾಲು ನೋಡಿದಳು, ನೀರು ಹೊಯ್ದಳು.

ಮುಂದಿನ ವಾರ ಅವಳು ಒಬ್ಬಳೇ ಬೆಂಗಳೂರಿಗೆ ಹೋದಳು. ಸಂಜೆ ಬಸ್ಸಿಳಿದಾಗ ಮುಖದ ಮೇಲೆ ದಪ್ಪ ಕಪ್ಪು ಚೌಕಟ್ಟಿನ ಕನ್ನಡಕ! ನನ್ನದಕ್ಕಿಂತ ಎರಡರಷ್ಟು ದೊಡ್ಡದು. ಗೂಬೆಗೆ ಕುಂಕುಮ ಇಟ್ಟ ಹಾಗಿತ್ತು. ಊರೇ ಬೆರಗಾಯಿತು.

“ಏನಕ್ಕಾ, ನಿಂಗೂ ಕಣ್ಣು ಹೋಯ್ತಾ?”

“ಹೋಗಿಲ್ಲ ಕಣೇ, ಈಗ ಬಂತು!” ಎಂದು ಅವಳು ಬೀಗಿದಳು.

ಅಂದಿನಿಂದ ಎಲ್ಲಿಗೆ ಹೋದರೂ ನಾವಿಬ್ಬರೂ ಜೋಡಿ. ಬಾವಿಗೆ, ಅಂಗಡಿಗೆ, ಚಾವಡಿಯ ಮುಂದೆ. ಅವಳು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಕಟ್ಟೆಯ ಮೇಲಿನವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಾ ನಡೆದರೆ ಅವರು ಪಂಚೆ ಸರಿಮಾಡಿಕೊಳ್ಳುತ್ತಿದ್ದರು. ನನಗೆ ಎಂಥ ಹೆಮ್ಮೆ! ನಾನೂ ತಲೆ ಎತ್ತಿ, ಮೂಗಿನ ತುದಿಗೆ ಇಳಿಸಿಯೇ ನಡೆದೆ. ಸೋಡಾಬುಡ್ಡಿ ಎಂದು ಕೂಗಲು ಹುಡುಗರಿಗೆ ಧೈರ್ಯ ಬರಲಿಲ್ಲ. ಸ್ವಲ್ಪ ದಿನಗಳಲ್ಲಿ ಎದುರು ಮನೆಯ ಹುಡುಗಿಯೊಬ್ಬಳು ತನಗೂ ಕನ್ನಡಕ ಬೇಕೆಂದು ಊಟ ಬಿಟ್ಟು ಅತ್ತಳಂತೆ. “ಇಲ್ದೇ ಇರೋ ರೋಗ ಎಲ್ಲಿಂದ ತರೋದು?” ಎಂದು ಅವಳ ತಾಯಿ ನಮ್ಮ ಮನೆಗೆ ಬಂದು ದೊಡ್ಡಮ್ಮನ ಜೊತೆ ಜಗಳವಾಡಿ ಹೋದಳು.

ಹೀಗಿರುವಾಗ ಒಂದು ಭಾನುವಾರ ಮಧ್ಯಾಹ್ನದ ಆಟಕ್ಕೆ ನನ್ನನ್ನು ಹೊಸಕೋಟೆಯ ಟಾಕೀಸಿಗೆ ಕರೆದುಕೊಂಡು ಹೋದಳು. ಟಿಕೆಟಿನ ಕಿಂಡಿಯ ಹತ್ತಿರ ನೂಕುನುಗ್ಗಲು. ಯಾರದೋ ಮೊಣಕೈ ತಾಗಿ ನನ್ನ ಕನ್ನಡಕ ಕೆಳಗೆ ಬಿತ್ತು. ಯಾರದೋ ಕಾಲು ಅದರ ಮೇಲೆ ಬಿತ್ತು. ಎತ್ತಿಕೊಂಡಾಗ ಚೌಕಟ್ಟು ಮಾತ್ರ ಉಳಿದಿತ್ತು. ನನಗೆ ಅಳು ಬಂತು. ಟಿಕೆಟು ಕೊಂಡಾಗಿತ್ತು, ಒಳಗೆ ಹೋಗಿ ಕೂತೆವು. ಪರದೆಯ ಮೇಲೆ ಬಣ್ಣಗಳು ಕಲಸಿಹೋದ ಪಾಯಸದ ಹಾಗೆ ಕಾಣುತ್ತಿದ್ದವು.

“ದೊಡ್ಡಮ್ಮ, ನಿಂದು ಸ್ವಲ್ಪ ಕೊಡು.”

“ಅದು ನಿಂಗಾಗಲ್ಲ ಕಣೇ. ನಂಬರು ಬೇರೆ.”

“ಒಂದು ಚೂರು ನೋಡ್ಕೊಂಡು ಕೊಡ್ತೀನಿ.”

“ಬ್ಯಾಡ ಅಂದ್ನಲ್ಲ!”

ನಾನು ಕೇಳಲಿಲ್ಲ. ಅವಳ ಮುಖದಿಂದ ಕನ್ನಡಕ ತೆಗೆದು ಹಾಕಿಕೊಂಡೆ. ಪರದೆಯ ಮೇಲೆ ಅದೇ ಪಾಯಸ. ತೆಗೆದು ನೋಡಿದೆ, ಮತ್ತೆ ಹಾಕಿ ನೋಡಿದೆ. ಏನೇನೂ ವ್ಯತ್ಯಾಸವಿಲ್ಲ.

“ದೊಡ್ಡಮ್ಮಾ, ಇದು ಬರೀ ಗಾಜು!”

“ಮೆಲ್ಲಗೆ ಮಾತಾಡೇ, ನಮ್ಮೂರೋರು ಯಾರಾದ್ರೂ ಇದ್ದಾರು” ಎಂದು ಅವಳು ನನ್ನ ಬಾಯಿ ಮುಚ್ಚಿದಳು. ಕನ್ನಡಕ ಕಿತ್ತುಕೊಂಡು ಸೆರಗಿನಲ್ಲಿ ಒರೆಸಿ, ಮತ್ತೆ ಮೂಗಿನ ಮೇಲೆ ಇಟ್ಟುಕೊಂಡಳು. ಆಮೇಲೆ ಪರದೆಯ ಕಡೆ ನೋಡುತ್ತಲೇ ಹೇಳಿದಳು. “ಒಬ್ಳು ಹಾಕ್ಕೊಂಡ್ರೆ ಕುರುಡು ಅಂತಾರೆ. ಇಬ್ರು ಹಾಕ್ಕೊಂಡ್ರೆ ಫ್ಯಾಷನ್ನು ಅಂತಾರೆ. ಅಷ್ಟೇ ಕಣೇ ಪ್ರಪಂಚ. ಈಗ ಸಿನಿಮಾ ಕೇಳು.”

ನೋಡು ಎನ್ನಲಿಲ್ಲ, ಕೇಳು ಎಂದಳು. ಕೇಳಿದೆ. “ಈಗ ಹೀರೋ ಬಂದ. ಶರ್ಟು ಚೆಂದಾಗಿಲ್ಲ, ಮುಖ ಪರವಾಗಿಲ್ಲ. ಅವನ ಹಿಂದೆ ಒಬ್ಬ ಚಾಕು ಹಿಡ್ಕೊಂಡು ಬರ್ತಾವ್ನೆ. ಲೇ, ತಿರುಗಿ ನೋಡೋ! ನೋಡ್ಲಿಲ್ಲ ಮುಂಡೇದು.”

“ಅಮ್ಮಾ, ಸ್ವಲ್ಪ ಬಾಯಿ ಮುಚ್ಕೋತೀರಾ?” ಎಂದ ಹಿಂದಿನ ಸಾಲಿನವನೊಬ್ಬ.

“ಮಗೀಗೆ ಕಾಣಲ್ಲ ಕಣಪ್ಪಾ, ಅದಕ್ಕೇ ಹೇಳ್ತಿದ್ದೀನಿ. ನಿಂಗೆ ಬ್ಯಾಡದಿದ್ರೆ ಕಿವಿ ಮುಚ್ಕೋ.”

ಸ್ವಲ್ಪ ಹೊತ್ತಿಗೆ ಅವನೇ ಮುಂದೆ ಬಗ್ಗಿ, “ನಡುವೆ ಬೀಡಿ ಸೇದೋಕೆ ಹೋಗಿದ್ದೆ, ಏನಾಯ್ತಮ್ಮಾ?” ಎಂದು ಕೇಳಿದ!

ಹೊಡೆದಾಟ ಮುಗಿಯಿತು, ಕಳ್ಳ ಸಿಕ್ಕಿಬಿದ್ದ, ಹೀರೋ ಹಾಡು ಹೇಳಿದ. ಜನ ಏಳಲು ಶುರುಮಾಡಿದರು. ದೊಡ್ಡಮ್ಮ ಏಳಲಿಲ್ಲ.

“ಈಗ ಅವ್ವ ಬಂದು ಮಗಳನ್ನ ತಬ್ಕೊಂಡ್ಳು” ಎಂದಳು.

“ಯಾವ ಅವ್ವ? ಇಷ್ಟೊತ್ತೂ ಅವ್ವ ಇರ್ಲೇ ಇಲ್ವಲ್ಲ?”

“ಈಗ ಬಂದ್ಳು. ಸುಮ್ನೆ ಕೇಳು.”

“ಹೆಂಗೆ ತಬ್ಕೊಂಡ್ಳು?”

“ಹಿಂಗೆ” ಎಂದು ತೋರಿಸಿದಳು. ಅವಳ ದಪ್ಪ ಚೌಕಟ್ಟು ನನ್ನ ಹಣೆಗೆ ಒತ್ತಿತು. ಬಹಳ ಹೊತ್ತು ಬಿಡಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಅದೇ ಸಿನಿಮಾ ಬೆಂಗಳೂರಿಗೆ ಮತ್ತೆ ಬಂದಿತ್ತು. ಅಷ್ಟು ಹೊತ್ತಿಗೆ ದೊಡ್ಡಮ್ಮ ತೀರಿಕೊಂಡಿದ್ದಳು. ನಾನೊಬ್ಬಳೇ ಹೋಗಿ, ಕನ್ನಡಕ ಒರೆಸಿಕೊಂಡು, ಶುರುವಿನಿಂದ ಕೊನೆಯವರೆಗೆ ಕಣ್ಣು ಮಿಟುಕಿಸದೆ ನೋಡಿದೆ. ಆ ಸಿನಿಮಾದಲ್ಲಿ ಅವ್ವನೇ ಇಲ್ಲ.