ಅತ್ತೆ ಮತ್ತು ತೆಳ್ಳನೆಯ ಮಾನಿಟರು

ಅಂಗಡಿಯ ಈಗಿನ ಮಾನಿಟರಿನ ಗಾಜಿನ ಎಡಮೂಲೆಯಲ್ಲಿ, ಕೆಳಗಿನಿಂದ ಎರಡು ಇಂಚು ಮೇಲೆ, ಅರಿಷಿಣದ ಒಂದು ಬೆರಳಚ್ಚು. ಯಾವ ಊರಿನ ಯಾವ ಬೀಗಿತ್ತಿಯದೋ ಗೊತ್ತಿಲ್ಲ. ಅದನ್ನು ಒರೆಸಲು ನಮ್ಮ ಅತ್ತೆ ಯಾರಿಗೂ ಬಿಡುವುದಿಲ್ಲ. "ಇರಲಿ, ಮಾನಿಟರಿಗೆ ದೃಷ್ಟಿ ತಾಗಬಾರದು" ಎನ್ನುತ್ತಾಳೆ!

ವಸ್ತುಗಳು ತೆಳ್ಳಗಾದ ದಿನದಿಂದಲೇ ಜಗತ್ತು ಕೆಟ್ಟಿತು ಎಂಬುದು ನಮ್ಮ ತಂದೆಯ ಈ ಅಕ್ಕನ ಸಿದ್ಧಾಂತ. ತೆಳ್ಳಗಿರುವ ಹಕ್ಕು ಅವಳ ಪ್ರಕಾರ ರೊಟ್ಟಿಗೆ ಮಾತ್ರ ಇದೆ. ಕಪಾಟು ಕೊಳ್ಳುವಾಗ ಗುದ್ದಿ ನೋಡುತ್ತಾಳೆ. ಪಂಚಾಂಗ ಕೊಳ್ಳುವಾಗ ಕೈಯಲ್ಲಿ ತೂಗಿ ನೋಡುತ್ತಾಳೆ. ನನ್ನನ್ನು ನೋಡಲು ಬಂದಿದ್ದ ವರನೊಬ್ಬನನ್ನು, "ಒಳ್ಳೆ ಹುಡುಗ, ಆದ್ರ ಫ್ಯಾನ್ ಹಚ್ಚಿದ್ರ ಹಾರತಾನ" ಎಂಬ ಒಂದೇ ಮಾತಿನಲ್ಲಿ ತಳ್ಳಿಹಾಕಿದಳು. (ಆ ವಿಷಯದಲ್ಲಿ ನಾನು ಅವಳಿಗೆ ಋಣಿ. ಹೆಚ್ಚು ಹೇಳಲಾರೆ.)

ಬೈಲಹೊಂಗಲದ ಪೇಟೆಯಲ್ಲಿ ಅವಳದೊಂದು ಲಗ್ನಪತ್ರಿಕೆಯ ಅಂಗಡಿ. ಅಲ್ಲಿ ಇಪ್ಪತ್ತು ವರ್ಷಗಳಿಂದ ಮೇಜಿನ ಮುಕ್ಕಾಲು ಭಾಗವನ್ನು ಆಕ್ರಮಿಸಿ ಕುಳಿತದ್ದು ಹಳೆಯ ಕಾಲದ, ಹಿಂದೆ ಡುಬ್ಬವಿರುವ ಮಾನಿಟರು. ಆ ಡುಬ್ಬದ ಮೇಲೆ ವಿಭೂತಿ ಗಟ್ಟಿ, ಕನ್ನಡಕದ ಡಬ್ಬಿ, ಮಳೆಗಾಲವಾದರೆ ಚುರುಮುರಿಯ ಪೊಟ್ಟಣ. ಒಳಗಿನ ಕಾವಿಗೆ ಚುರುಮುರಿ ಮೆತ್ತಗಾಗುವುದಿಲ್ಲವಂತೆ. ಪತ್ರಿಕೆಯ ಜೊತೆಗೆ ಚುರುಮುರಿಯನ್ನೂ ಕಾಯುವ ಕಂಪ್ಯೂಟರು ಬೇರೆಲ್ಲಿದೆ ಹೇಳಿ?

ಈ ವರ್ಷ ಅದು ಸೋತಿತು. ಪರದೆ ಮೊದಲು ಹಸಿರಾಯಿತು, ಆಮೇಲೆ ಒಂದು ಗೆರೆಯಾಯಿತು, ಆಮೇಲೆ ಏನೂ ಇಲ್ಲ. ರಿಪೇರಿಯವನು ಅದರ ಹೊಟ್ಟೆ ಬಿಚ್ಚಿ ನೋಡಿ ಕೈ ಝಾಡಿಸಿಕೊಂಡ.

"ಅತ್ತ್ಯಾರ, ಇದರ ಕಥಿ ಮುಗೀತರಿ. ಹೊಸಾದ ತೊಗೋರಿ. ಇಲ್ಲಾ, ಇಂಥಾದ ಬೇಕಂದ್ರ ನೇಸರಗ್ಯಾಗ ಒಂದು ಕಂಪ್ಯೂಟರ್ ಕ್ಲಾಸ್ ಬಂದ್ ಆಗೈತಿ. ಅಲ್ಲೊಂದು ಹಂಗ ಬಿದ್ದೈತಿ."

ಲಗ್ನದ ಸುಗ್ಗಿ. ಅಂಗಡಿ ಒಂದು ದಿನವೂ ಮುಚ್ಚುವಂತಿಲ್ಲ. ಧಾರವಾಡದಲ್ಲಿ ಎಂ.ಎ. ಮುಗಿಸಿ ಆಗಷ್ಟೇ ಕೆಲಸಕ್ಕೆ ಸೇರಿದ್ದ ನಾನು ಮೊದಲ ಪಗಾರದಲ್ಲಿ ಒಂದು ಚಪ್ಪಟೆ ಮಾನಿಟರು ಕೊಂಡು ತಂದೆ. ಅಗ್ಗದ್ದೇ, ಆದರೆ ಹೊಸದು. ಅತ್ತೆ ಅದನ್ನು ಬದಿಯಿಂದ ನೋಡಿದಳು.

"ಇದರ ಹಿಂದಿನ ಭಾಗ ಎಲ್ಲೈತಿ?"

"ಇಲ್ಲ ಅತ್ತಿ. ಇಷ್ಟ."

"ಪೂರಾ ರೊಕ್ಕಾ ಕೊಟ್ಟು ಅರ್ಧಾ ತಂದೀಯಲ್ಲ!"

ಅಭ್ಯಾಸಬಲದಿಂದ ಅದರ ನೆತ್ತಿಯ ಮೇಲೆ ಕನ್ನಡಕ ಇಟ್ಟಳು. ಅದು ಹಿಂದಕ್ಕೆ ಬಿತ್ತು. ಆ ದಿನ ಕನ್ನಡಕ ಏಳು ಸಲ ಬಿತ್ತು. ನಾನು ಎಣಿಸಿದ್ದೇನೆ.

ಮಧ್ಯಾಹ್ನ ಚಚಡಿಯಿಂದ ಒಂದು ಮನೆತನ ಪತ್ರಿಕೆ ತಪಾಸಣೆಗೆ ಬಂತು. ನಮ್ಮ ಕಡೆ ಲಗ್ನಪತ್ರಿಕೆಯನ್ನು ಒಬ್ಬರು ನೋಡುವುದಿಲ್ಲ, ವಂಶ ನೋಡುತ್ತದೆ. ಬಂದವರು ಹನ್ನೊಂದು ಜನ. ಎಲ್ಲರೂ ಪರದೆಯ ಸುತ್ತ ಗುಂಪಾದರು. ಎರಡು ನಿಮಿಷದಲ್ಲಿ ಎಡಗಡೆಯಿಂದ ಮದುಮಗಳ ದೊಡ್ಡಪ್ಪನ ದನಿ ಏರಿತು.

"ನನ್ನ ಹೆಸರ ಯಾಕ ಮಸುಕ ಹೊಡದೀರಿ? ಹೊಲದ ಜಗಳ ಇಲ್ಲಿತನಕಾ ಬಂತೇನು?"

ಅಗ್ಗದ ಚಪ್ಪಟೆ ಪರದೆಯನ್ನು ಓರೆಯಾಗಿ ನೋಡಿದರೆ ಬಣ್ಣ ಬಿಳಿಚಿಕೊಳ್ಳುತ್ತದೆ ಎಂದು ನಾನು ವಿವರಿಸಲು ಹೋದೆ. ಯಾರು ಕೇಳುತ್ತಾರೆ? ಅತ್ತೆ ಪರದೆಯನ್ನು ಅವರ ಕಡೆ ತಿರುಗಿಸಿದಳು. ದೊಡ್ಡಪ್ಪನ ಹೆಸರು ಝಗ್ ಎಂದು ಬೆಳಗಿತು.

"ಈಗ ನಂದು ಮಸುಕಾತಲ್ಲ!" ಎಂದು ಬಲಗಡೆಯಿಂದ ಕಾಕಾ ಗುಡುಗಿದ. "ಅಣ್ಣಾಗೊಂದು ಶಾಯಿ, ನನಗೊಂದು ಶಾಯಿ?"

ಪರದೆ ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು, ಮತ್ತೆ ಎಡಕ್ಕೆ! ಕೊನೆಗೆ ಅತ್ತೆ ಎದ್ದು ನಿಂತು, "ಎಲ್ಲಾರೂ ಪಾಳಿ ಹಚ್ರಿ!" ಎಂದು ಅಪ್ಪಣೆ ಕೊಟ್ಟಳು. ರೇಷನ್ ಅಂಗಡಿಯಲ್ಲಿ ನಿಂತಂತೆ ಹಿರಿಯರೆಲ್ಲ ಸಾಲಾಗಿ ನಿಂತು, ಒಬ್ಬೊಬ್ಬರೇ ನಟ್ಟನಡುವೆ ಬಂದು ತಮ್ಮ ಹೆಸರಿನ ದರ್ಶನ ಪಡೆದು ಸರಿದರು. ಎಲ್ಲರ ಮುಖವೂ ತಿಳಿಯಾಯಿತು.

"ಬರೋಬ್ಬರಿ ಐತ್ರಿ, ಹೊಡದ ಬಿಡ್ರಿ" ಎಂದ ದೊಡ್ಡಪ್ಪ.

ಅತ್ತೆ ಮಾತ್ರ ಮುದ್ರಣದ ಗುಂಡಿ ಒತ್ತಲಿಲ್ಲ. ಬಾಗಿಲ ಬಳಿ, ಕಾಗದದ ಕಟ್ಟುಗಳ ಪಕ್ಕ ಒಬ್ಬಳು ನಿಂತೇ ಇದ್ದಳು. ಮದುಮಗಳ ತಾಯಿ. ಗಂಡ ಹೋಗಿ ಎರಡು ವರ್ಷವಾಗಿದೆಯಂತೆ. ಪಾಳಿಯಲ್ಲಿ ಅವಳು ಇರಲಿಲ್ಲವೆಂಬುದನ್ನು, ಕನ್ನಡಕ ಎಷ್ಟು ಸಲ ಬಿತ್ತೆಂದು ಎಣಿಸಿದ ನಾನು ಗಮನಿಸಿರಲಿಲ್ಲ.

"ತಂಗಿ, ನೀ ನೋಡಿದ್ಯೇನು?"

"ಇರಲಿ ಬಿಡ್ರಿ ಅಕ್ಕಾರ. ಹಿರ್ಯಾರು ನೋಡ್ಯಾರಲ್ಲ."

ಅತ್ತೆ ಅವಳನ್ನು ಕೈಹಿಡಿದು ಕರೆತಂದು ತನ್ನ ಕುರ್ಚಿಯಲ್ಲಿ ಕೂರಿಸಿದಳು. ಅವಳು ಅಕ್ಷರ ಅಕ್ಷರ ಕೂಡಿಸಿಕೊಂಡು ಓದಿದಳು. ಮಗಳ ಹೆಸರಿನ ಕೆಳಗೆ "ಲಿಂಗೈಕ್ಯ" ಎಂದು ಗಂಡನ ಹೆಸರಿತ್ತು. ಅದರ ಪಕ್ಕದ ಖಾಲಿ ಜಾಗದಲ್ಲಿ ಅವಳ ಬೆರಳು ನಿಂತಿತು. ಬೆರಳು ತೆಗೆದು ಸೆರಗಿನಲ್ಲಿ ಮುಚ್ಚಿಕೊಂಡಳು.

ಅಣ್ಣ ತಮ್ಮಂದಿರು ತಮ್ಮ ಶಾಯಿಯ ಚಿಂತೆಯಲ್ಲಿ, ಹೆತ್ತವಳ ಹೆಸರನ್ನೇ ಬರೆದುಕೊಟ್ಟಿರಲಿಲ್ಲ.

"ನಿನ್ನ ಹೆಸರೇನವಾ?" ಎಂದು ಅತ್ತೆ ಕೇಳಿ, ನಿಂತುಕೊಂಡೇ ಟೈಪು ಮಾಡಿದಳು. ಗಂಡನ ಹೆಸರಿನಷ್ಟೇ ದೊಡ್ಡ ಅಕ್ಷರ.

"ನಾವು ಕೊಟ್ಟ ಚೀಟ್ಯಾಗ ಅದು ಇರಲಿಲ್ಲಲ್ಲ..." ಎಂದು ಕಾಕಾ ರಾಗ ಎಳೆದ.

"ಇರಲಿಲ್ಲ ಅಂತನ ಹಾಕೀನಿ" ಎಂದಳು ಅತ್ತೆ.

ತಾಯಿ ತನ್ನ ಹೆಸರನ್ನು ಇನ್ನೊಮ್ಮೆ, ಈ ಸಲ ಸ್ವಲ್ಪ ಗಟ್ಟಿಯಾಗಿ, ಓದಿಕೊಂಡಳು.

ಅವರೆಲ್ಲ ಹೋದ ಮೇಲೆ ಅತ್ತೆ ನನ್ನ ಮಾನಿಟರಿನ ಧೂಳನ್ನು ಸೆರಗಿನಿಂದ ಮೆಲ್ಲಗೆ ಒರೆಸಿದಳು. ನನಗೆ ನೋವಾಗಬಾರದೆಂದು.

"ಚಲೋ ಐತಿ ನಿಂದು. ನಡುವ ನಿಂತಾವ್ರಿಗೆ ಯಾವುದಾದ್ರೂ ನಡೀತೈತಿ. ಹಳೇದು ಇದ್ದಿದ್ರ ಬಾಗಲದಾಗ ನಿಂತಾಕಿಗೂ ತನ್ನ ಹೆಸರ ಇಲ್ಲಂತ ಅಲ್ಲಿಂದನ ಕಾಣತಿತ್ತು. ಇವತ್ತ ನಾ ಕೇಳಿದೆ, ಖರೆ. ನಾಳೆ ಗದ್ದಲದಾಗ ಮರತ್ರ?"

ದಪ್ಪದ ಹುಚ್ಚು ಎಂದು ಇಷ್ಟು ವರ್ಷ ನಾವು ನಕ್ಕಿದ್ದೆವು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ನಾನು ನೇಸರಗಿಗೆ ಹೋದೆ. ಬರುವಾಗ ಆ ಡುಬ್ಬದ ಮಾನಿಟರಿಗೂ ಒಂದು ಟಿಕೆಟು ತೆಗೆಸಿ, ಅದನ್ನು ಕಿಟಕಿಯ ಸೀಟಿನಲ್ಲಿ ಕೂರಿಸಿ, ಮೇಲೆ ಒಂದು ಕೈ ಇಟ್ಟುಕೊಂಡು, ಬೈಲಹೊಂಗಲ ಬರುವವರೆಗೂ ಪಕ್ಕದಲ್ಲಿ ನಿಂತೇ ಬಂದೆ.