ನಿಂತಲ್ಲೇ ಓಡುವ ಗಾಡಿ

ಕರಿದು ಉಳಿದ ಎಣ್ಣೆಯಿಂದ ಗಾಡಿಗಳು ಓಡತಕ್ಕದ್ದು ಎಂಬ ಆದೇಶವು ಗುಡಗೇರಿಯನ್ನು ತಲುಪಿದ್ದು ಸಂಜೆ, ಊರು ಮಿರ್ಚಿಭಜಿ ತಿನ್ನುವ ಹೊತ್ತಿಗೆ.

ಆದೇಶ ಸ್ಪಷ್ಟವಾಗಿತ್ತು. ಭಜಿ ಕರಿಯುವವರೆಲ್ಲರೂ ಉಳಿದ ಎಣ್ಣೆಯನ್ನು ತ್ಯಾಜ್ಯ ತೈಲ ಮರುಬಳಕೆ ಉಪಕಚೇರಿಗೆ ಒಪ್ಪಿಸತಕ್ಕದ್ದು. ಒಪ್ಪಿಸದ ಅಂಗಡಿಯನ್ನು ಮುಚ್ಚತಕ್ಕದ್ದು. ಆ ಎಣ್ಣೆಯಿಂದ ಊರಲ್ಲಿ ಒಂದಾದರೂ ಗಾಡಿ ಓಡತಕ್ಕದ್ದು. ಓಡದಿದ್ದಲ್ಲಿ ಉಪಕಚೇರಿಯನ್ನೂ ಮುಚ್ಚತಕ್ಕದ್ದು.

ಉಪಕಚೇರಿಯ ಮುಖ್ಯಸ್ಥ ಕೃಷ್ಣಾಜಿ ಸಾಹೇಬರು ಕೊನೆಯ ಸಾಲು ಓದಿ ಕುಡಿಯುತ್ತಿದ್ದ ಚಹಾ ಬಿಟ್ಟರು.

ಕಚೇರಿಯ ಡ್ರೈವರ್ ಯಲ್ಲೇಶ ಊರಿನವರು ಒಪ್ಪಿಸಿದ ಎಣ್ಣೆಯನ್ನೆಲ್ಲ ಹಳೇ ಧೋತರದಲ್ಲಿ ಸೋಸಿ ಕಚೇರಿಯ ಜೀಪಿಗೆ ಸುರಿದ. ಜೀಪು ಓಡಿತು. ತಕರಾರು ಅದರದಲ್ಲ, ಹೊಗೆಯದು. ಹೊಗೆಗೆ ಥೇಟ್ ಮಿರ್ಚಿಯ ವಾಸನೆ. ಈ ಕತೆ ಹೇಳುತ್ತಿರುವ ನಾನು ನಾಕು ದೇಶದ ಬಸ್ಸಿನ ಹೊಗೆ ಕುಡಿದು ಬಂದವಳು. ಹಸಿವೆ ಎಬ್ಬಿಸುವ ಹೊಗೆ ಕಂಡದ್ದು ಇಲ್ಲೇ. ಪಕ್ಕದೂರು ಕುಬಿಹಾಳದಲ್ಲಿ ಜನ ಚುರಮರಿ ತಾಟು ಹಿಡಿದು ಹಿಂದೆ ಓಡಿ ಬಂದರು.

"ಲೇ ಯಲ್ಲೇಶಾ, ನಿಲ್ಲಸಲೇ! ಬಿಸಿ ಅದಾವೇನು?"

"ಇದು ಸರಕಾರಿ ಜೀಪ್ ಅದರೀ," ಎಂದರು ಕೃಷ್ಣಾಜಿ.

"ಸರಕಾರದ್ದಾದ್ರ ಪುಕ್ಕಟನ ಇರಬೇಕಲ್ರಿ!"

ಕೆಲವೇ ದಿನಕ್ಕೆ ಕಡಲಿಹಿಟ್ಟಿನ ಚೂರು ಕೊಳವೆಯಲ್ಲಿ ಸಿಕ್ಕಿ ಜೀಪು ಕಾಯಂ ನಿಂತಿತು. ಓಡುವ ಗಾಡಿ ಇಲ್ಲ. ಇನ್ನು ಎಣ್ಣೆ ಒಪ್ಪಿಸದ ಅಂಗಡಿಯನ್ನಾದರೂ ಮುಚ್ಚೋಣವೆಂದು ಸಾಹೇಬರು ಬೀಗ ಹಿಡಿದು ರೈಲ್ವೆ ಸ್ಟೇಷನ್ನಿನ ಎದುರಿಗೆ ಹೊರಟರು. ಅಲ್ಲಿ ಭಜಿ ಗಾಡಿ ಇಟ್ಟುಕೊಂಡಿರುವ ಸಾವಂತ್ರೆವ್ವ ಒಂದು ಹನಿ ಎಣ್ಣೆಯನ್ನೂ ಒಪ್ಪಿಸಿರಲಿಲ್ಲ. ಗಾಡಿಯ ಮೇಲಿನ ಈ ಒಲೆ ಆರಿದರೆ ಆಕೆಯ ಮನೆಯ ಒಲೆಯೂ ಆರುವುದು ಎಂಬುದು ಆದೇಶದ ವ್ಯಾಪ್ತಿಗೆ ಬರುವ ವಿಷಯವಲ್ಲ.

"ಎಣ್ಣಿ ಎಲ್ಲೆ, ಸಾವಂತ್ರೆವ್ವ?"

"ಉಳಿಯೂದ ಇಲ್ರಿ ಸಾಹೇಬ್ರ. ಬಾಣಲಿ ತಳದಾಗಿಂದು ಹತ್ತಿಕಟಗಿಗೆ ಸುರುವಿ ಮರುದಿನ ಒಲಿ ಹಚ್ಚತೇನಿ. ಹಸಿ ಕಟಗೀನೂ ಭಗ್ಗ್ ಅಂತೈತಿ."

"ಅಂದ್ರ, ಕರಿದ ಎಣ್ಣಿ ಎಲ್ಲಾ..."

"ಈ ಗಾಡಿಗೇ ಹಾಕತೇನ್ರಿ. ಅದರ ಮ್ಯಾಲೇ ನಡದೈತಿ ಗಾಡಿ."

ಬೀಗ ಹಿಡಿದ ಕೈ ಕೆಳಗಿಳಿಯಿತು.

"ಗಾಡಿ ಓಡತದೇನು?"

"ಅಗದಿ ಚೊಲೋ ಓಡತೈತ್ರಿ. ಸಂತಿ ದಿನಾ ಅಂತೂ ಹಿಡಿಯಾಕ ಆಗೂದಿಲ್ಲ."

ಸಾಹೇಬರು ಅಲ್ಲೇ ಬಾಕಿನ ಮೇಲೆ ಕೂತು ವರದಿ ಬರೆದರು: 'ಗುಡಗೇರಿಯಲ್ಲಿ ಒಂದು ಗಾಡಿಯು ಕರಿದ ಎಣ್ಣೆಯಿಂದ ಉತ್ತಮವಾಗಿ ಓಡುತ್ತಿದೆ. ಚಾಲಕಿ ಸಾವಂತ್ರೆವ್ವ. ಅಪಘಾತಗಳು ಇಲ್ಲ.' ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಖುದ್ದು ಪರಿಶೀಲನೆಗೆ ಮೇಲಿನ ಕಚೇರಿಯಿಂದ ಗೌತಮಿ ಮೇಡಂ ಬಂದರು. ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಗ್ಗಿ ನೋಡಿದರು.

"ಗಾಲಿಗಳಿಗೆ ಇಟ್ಟಂಗಿ ಯಾಕ ಕೊಟ್ಟೀರಿ?"

ಸಾವಂತ್ರೆವ್ವ ಬಾಯಿ ತೆರೆಯುವಷ್ಟರಲ್ಲಿ ಯಲ್ಲೇಶ ಹೇಳಿದ: "ಓಡಿ ಹೋಗಬಾರದಂತ್ರಿ ಮೇಡಂ."

ಮೇಡಂ 'ಬ್ರೇಕ್ ಸಮರ್ಪಕವಾಗಿದೆ' ಎಂದು ಬರೆದುಕೊಂಡರು. ಒಲೆಯ ಮುಂದೆ ನಿಂತು ಉಸಿರೆಳೆದು, ಒಂದು ಮಿರ್ಚಿ ತಿಂದು, 'ಹೊಗೆ ಆಕ್ಷೇಪಾರ್ಹವಲ್ಲ' ಎಂದರು. ಇನ್ನೊಂದು ತಿಂದ ಮೇಲೆ ಇಂಜಿನ್ನಿನ ವಿಷಯ ಕೇಳಲಿಲ್ಲ. ಕೊರತೆ ಕಂಡದ್ದು ಎರಡೇ: ನಂಬರ್ ಪ್ಲೇಟ್ ಇಲ್ಲ, ಸೀಟ್ ಬೆಲ್ಟ್ ಇಲ್ಲ.

ಎರಡೂ ಬಂದವು. ಬೆಲ್ಟನ್ನು ನಿಂತ ಜೀಪಿನಿಂದಲೇ ಬಿಚ್ಚಿ ತಂದು ಗಾಡಿಯ ಕಂಬಕ್ಕೆ ಬಿಗಿದರು. ಉಪಕಚೇರಿ ಉಳಿಯಿತು, ಒಲೆಯೂ ಉಳಿಯಿತು. "ಭಜಿ ಬಿಡಾಕಿ ಎಲ್ಲಿಗೆ ಹಾರಿ ಬೀಳತೇನ್ರಿ ನಾ?" ಎಂದು ಸಾವಂತ್ರೆವ್ವ ಮೊದಮೊದಲು ಗೊಣಗಿದಳು. ಈಗ ಆಕೆ ಬೆಲ್ಟು ಹಾಕಿಕೊಂಡ ಕಟಕ್ ಸದ್ದು ಕೇಳಿದರೆ ಸಾಕು, ಬಾಣಲಿ ಕಾದಿದೆಯೆಂದು ಜನ ಎದ್ದು ಬರುತ್ತಾರೆ.

ಮೊನ್ನೆ ಸಂಜೆ ರೈಲಿನಿಂದ ಇಳಿದ ಪರಊರಿನವನೊಬ್ಬ ಮಿರ್ಚಿ ಕೊಂಡು ನಕ್ಕ.

"ಅಲ್ಲಬೇ, ನಿಂತ ಗಾಡಿಗೆ ಬೆಲ್ಟ್ ಯಾಕ?"

ಸುತ್ತ ನಿಂತವರು ತಿನ್ನುವುದು ಬಿಟ್ಟು ಅವನನ್ನೇ ನೋಡಿದರು. ಬಾಜೂಕ ಪೇರಲ ಮಾರುವ ಬಾಷಾಬಿ ಸಮಾಧಾನದಿಂದ ಹೇಳಿದಳು:

"ನಿಂತದ್ದು ನಿನ್ನ ರೈಲಗಾಡಿ, ತಮ್ಮಾ. ಇದು ಓಡಾಕತ್ತೈತಿ. ಹಿಂದ ಸರದ ನಿಂದರು."

ಅವನು ಹಿಂದೆ ಸರಿದು ನಿಂತ.