ಚಿಕ್ಕಪ್ಪ ಪಾಸ್ ಮಾಡಿದ ಸಾರು

ನಮ್ಮ ಚಿಕ್ಕಪ್ಪನನ್ನು ಒಮ್ಮೆ ಊಟಕ್ಕೆ ಕರೆದವರು ಮತ್ತೆ ಕರೆದದ್ದನ್ನು ನಾನು ಕಂಡಿಲ್ಲ! ಅವರೇನು ಜಗಳಗಂಟರಲ್ಲ, ಹೊಟ್ಟೆಬಾಕರಂತೂ ಅಲ್ಲವೇ ಅಲ್ಲ. ಎಲೆಯ ಮುಂದೆ ಕೂತೊಡನೆ ಜೇಬಿನಿಂದ ಭೂತಗನ್ನಡಿ ತೆಗೆಯುತ್ತಿದ್ದರು, ಅಷ್ಟೇ.

ತೊಂಬತ್ತರ ದಶಕದಲ್ಲಿ ಅವರಿಗೆ ಅರಸೀಕೆರೆಯಲ್ಲಿ ಕಲಬೆರಕೆ ಪತ್ತೆ ಹಚ್ಚುವ ಒಂದು ಪ್ರಯೋಗಾಲಯದಲ್ಲಿ ಕೆಲಸ. ಕೊತ್ತಂಬರಿ, ಮೆಂತ್ಯ, ಜೀರಿಗೆ, ಔಷಧಿಗೆ ಹೋಗುವ ಬಾವಂಚಿ ಬೀಜ, ಎಲ್ಲವೂ ಅವರ ಕೈ ದಾಟಿಯೇ ಹೋಗಬೇಕು. ಬೀಜ ಕುದಿಸಿ ಪರಿಮಳದ ಎಣ್ಣೆ ಇಳಿಸಿ ಅಳೆಯುವುದು, ಸುಟ್ಟು ಬೂದಿ ತೂಗುವುದು, ಆಸಿಡ್ ಹಾಕಿ ಬಣ್ಣ ನೋಡುವುದು. ಸಂಜೆ ತಮ್ಮೂರು ಹಳೇಬೀಡಿನಲ್ಲಿ ಬಸ್ಸಿಳಿದರೂ ಡ್ಯೂಟಿ ಮುಗಿಯುತ್ತಿರಲಿಲ್ಲ. ಅವರ ತಲೆ ಕಂಡೊಡನೆ ದಿನಸಿ ಅಂಗಡಿಯವನು ತಮ್ಮನಿಗೆ ಕೂಗುತ್ತಿದ್ದ: "ಬಂದ್ರು ಕಣ್ಲಾ! ಮೆಣಸಿನ ಡಬ್ಬ ಒಳಗಿಡ್ಲಾ!" ಮೆಣಸನ್ನು ನೀರಿಗೆ ಹಾಕಿ, ತೇಲಿದ್ದೆಲ್ಲ ಪರಂಗಿ ಬೀಜವೆಂದು ಗಿರಾಕಿಗಳೆದುರೇ ತೋರಿಸಿದ ಮೇಲೆ ಪಾಪ, ಅವನು ಇನ್ನೇನು ಮಾಡಿಯಾನು?

ಬೇಲೂರಿನ ಒಂದು ಮದುವೆಯಲ್ಲಿ ಕೋಸಂಬರಿಯಿಂದ ಸಾಸಿವೆ ಹೆಕ್ಕಿ ಎಲೆಯ ತುದಿಯಲ್ಲಿ ಸಾಲಾಗಿ ನಿಲ್ಲಿಸಿದರು.

"ಸಾಸಿವೆಗೆ ವಿಷದ ದತ್ತೂರಿ ಬೀಜ ಬೆರೆತೈತೇನೋ ಅಂತ ಒಂದ್ ಡೌಟು..."

ಹೆಣ್ಣಿನ ತಂದೆ ಕೈ ಮುಗಿದರು. "ಸ್ವಾಮಿ, ಊಟ ಮಾಡಿ. ಪೋಸ್ಟ್‌ಮಾರ್ಟಂ ಬೇಡ!"

ಈಗ ಅವರಿಲ್ಲ, ಮದುವೆಗಳಲ್ಲಿ ನಮ್ಮ ಪಂಕ್ತಿ ಬೇಗ ಏಳುತ್ತದೆ. ಅದೇ ಬೇಸರ.

ಚಿಕ್ಕಮ್ಮ ಸಾರು ಕುದಿಸಿದರೆ ಬೀದಿಯೆಲ್ಲ ಘಮಘಮ. ಚಿಕ್ಕಪ್ಪ ಮಾತ್ರ ಒಂದೇ ಸೌಟು ಹಾಕಿಸಿಕೊಂಡು, ಮೂಸಿ, ಉಂಡು, "ಪಾಸ್" ಎಂದು ಎದ್ದುಬಿಡುತ್ತಿದ್ದರು.

"ಒಂದ್ಸಲನಾದ್ರೂ 'ಇನ್ನೊಂದು ಸೌಟು ಹಾಕು' ಅನ್ರೀ. ನಿಮ್ ಗಂಟೇನ್ ಹೋಗ್ತದೆ?"

"ಮಾದರಿ ಒಂದೇ ಸಲ ತೆಗೆಯೋದು ಕಣೇ."

ಪರೀಕ್ಷೆಯಾದ ಬೀಜದಲ್ಲಿ ಒಂದು ಪಾಲನ್ನು ಬಾಟಲಿಗೆ ತುಂಬಿ, ಅರಗು ಹಾಕಿ ಎತ್ತಿಡುವುದು ಪ್ರಯೋಗಾಲಯದ ಪದ್ಧತಿ. ಮುಂದೆ ಯಾರಾದರೂ ತಕರಾರು ತೆಗೆದರೆ ಮಾತ್ರ ಅದನ್ನು ಒಡೆಯಬೇಕು. ಚಿಕ್ಕಮ್ಮನ ಸಾರಿನಪುಡಿಗೂ ಇದೇ ಮರ್ಯಾದೆ! ಹೊಸ ಪುಡಿ ಕುಟ್ಟಿದಾಗ ಗೋಡೆಯ ಗೂಡಿನಲ್ಲಿದ್ದ ಹಳೆಯ ಬಾಟಲಿ ಹೊರಗೆ, ಹೊಸದು ಒಳಗೆ.

"ದಿನಾ ತಕರಾರು ತೆಗೀತಾನೇ ಇದೀನಿ," ಎಂದು ಚಿಕ್ಕಮ್ಮ ರೇಗುತ್ತಿದ್ದರು. "ಒಂದು ಬಾಟ್ಲಿನಾದ್ರೂ ಒಡೆದ್ರಾ ನೀವು?"

ಚಿಕ್ಕಮ್ಮ ತೀರಿಕೊಂಡರು. ಗೂಡಿನಲ್ಲಿದ್ದ ಬಾಟಲಿಯನ್ನು ಹೊರಗೆ ಹಾಕಲು ಹೊಸ ಪುಡಿ ಬರಲೇ ಇಲ್ಲ. ಅದು ಅಲ್ಲೇ ಉಳಿಯಿತು, ವರ್ಷಗಟ್ಟಲೆ.

ಚಿಕ್ಕಪ್ಪ ಹಾಸಿಗೆ ಹಿಡಿದಾಗ ನಾನು ಹೋಗಿ ಅವರ ಜೊತೆಗಿದ್ದೆ. ಒಂದು ಮಧ್ಯಾಹ್ನ ಗೂಡಿನ ಕಡೆ ಕೈ ತೋರಿದರು.

"ಅದನ್ನ ಒಡಿಯೋ."

"ಯಾಕೆ ಚಿಕ್ಕಪ್ಪ, ತಕರಾರು ಬಂತಾ?"

"ಹಳೇದೊಂದು ಐತಲ್ಲ. ನಿಮ್ ಚಿಕ್ಕಮ್ಮಂದು."

ಅರಗು ಒಡೆದೆ. ಪುಡಿ ಬಣ್ಣಗೆಟ್ಟಿತ್ತು. ಎಷ್ಟು ಮೂಸಿದರೂ ಏನೂ ಇಲ್ಲ, ಪರಿಮಳವೆಲ್ಲ ಹಾರಿಹೋಗಿತ್ತು. ನನಗೆ ಬಂದ ಹಾಗೆ ಸಾರು ಕುದಿಸಿದೆ. ಬರೀ ಸಪ್ಪೆ! ಇಂಥ ಮಾಲು ಅವರ ಪ್ರಯೋಗಾಲಯದ ಹೊಸ್ತಿಲು ದಾಟುತ್ತಿರಲಿಲ್ಲ. 'ಫೇಲ್' ಎಂದುಬಿಟ್ಟರೆ ಎಂದು ಹೆದರುತ್ತಲೇ ಒಂದು ಸೌಟು ಬಡಿಸಿದೆ.

ಭೂತಗನ್ನಡಿ ದಿಂಬಿನ ಪಕ್ಕದಲ್ಲೇ ಇತ್ತು. ಚಿಕ್ಕಪ್ಪ ಅದನ್ನು ಮುಟ್ಟಲಿಲ್ಲ. ಮೂಸಲೂ ಇಲ್ಲ. ನಿಧಾನವಾಗಿ ಕಲಸಿ, ತಟ್ಟೆ ಬಳಿದು ಉಂಡರು. ಆಮೇಲೆ ಖಾಲಿ ತಟ್ಟೆಯನ್ನು ಅಡುಗೆಮನೆಯ ಬಾಗಿಲ ಕಡೆಗೆ ಚಾಚಿದರು.

"ಇನ್ನೊಂದು ಸೌಟು ಹಾಕು ಕಣೇ."